ಇಪ್ಪತ್ತೈದನೆಯ ತಲೆ

ಧಾರವಾಡದಿಂದ ಬಂದ ಸರಕಾರಿ ಹುಕುಂ ಚುಟುಕಾಗಿತ್ತು: ತಪಾಸಣೆಯ ದಿನ ಇಪ್ಪತ್ತೈದು ತಲೆ ಇಲ್ಲದ ಶಾಲೆಗೆ ಬೀಗ. ಬೀಗ ಬಿದ್ದರೆ ನನ್ನ ಎಂಟು ರೂಪಾಯಿ ಪಗಾರಕ್ಕೂ ಎಳ್ಳುನೀರು. ನಮ್ಮೂರು ಬಿಳೇಕೊಪ್ಪದ ಹತ್ತಿಯೆಲ್ಲ ಅದೇ ವಾರ ಒಡೆಯಬೇಕೆ? ಹತ್ತಿ ಬಿಡಿಸಲು ಹೊರಟ ಹುಡುಗರನ್ನು ಕಿವಿ ಹಿಡಿದು, ಅವರಪ್ಪಂದಿರ ಕಾಲು ಹಿಡಿದು ಎಳೆತಂದೆ. ಎಣಿಸಿದರೆ ಇಪ್ಪತ್ನಾಲ್ಕು. ತಪಾಸಣೆಯ ಗಲಗಲಿ ಸಾಹೇಬರ ಚಕ್ಕಡಿ ಆಗಲೇ ಊರಬಾಗಿಲ ಅಗಸಿ ದಾಟಿತ್ತು.

ಕಿಟಕಿಯ ಹೊರಗೆ ಶೇಂಗಾ ಮಾರುವ ಫಕೀರವ್ವ ಕೂತಿದ್ದಳು. ಹನ್ನೆರಡು ವರ್ಷದಿಂದ ಅದೇ ಜಾಗ.

“ಯವ್ವಾ, ಒಳಗ ಬಾ. ಹಿಂದ ಕುಂಡರು.”

“ಗಂಡುಹುಡುಗರ ಸಾಲ್ಯಾಗ ನಾ ಏನ್ ಮಾಡ್ಲಿರೀ ಮಾಸ್ತರ? ಬಾಯಾಗ ಹಲ್ಲ ಇಲ್ಲ.”

“ಹಲ್ಲಿಲ್ಲದ ಹುಡುಗರು ಆರು ಮಂದಿ ಅದಾರ. ನಡಿ.”

ನನ್ನ ರುಮಾಲನ್ನೇ ಬಿಚ್ಚಿ ಅವಳ ತಲೆಗೆ ಸುತ್ತಿದೆ. ಬರಿದಲೆಯಲ್ಲಿ ಸಾಹೇಬರೆದುರು ನಿಂತ ಮಾಸ್ತರ ನಾನೊಬ್ಬನೇ ಇರಬೇಕು. ಮಾನ ಹೋದರೂ ನಗು ತಡೆಯಲಾಗಲಿಲ್ಲ.

“ರುಮಾಲೆಲ್ಲಿ?” ಒಳಗೆ ಬಂದವರೇ ಸಾಹೇಬರು ಕೇಳಿದರು.

“ಒಗೀಲಿಕ್ಕೆ ಹಾಕೇನ್ರಿ.”

ತಲೆ ಎಣಿಸಿದರು. ಇಪ್ಪತ್ತೈದು. ಅಷ್ಟಕ್ಕೇ ಬಿಡಬಾರದೆ? ಮುಕ್ಕಾಲರ ಮಗ್ಗಿಗೆ ಕೈಹಾಕಿ “ಹದಿಮೂರು ಮುಕ್ಕಾಲು ಎಷ್ಟು?” ಎಂದರು. ನನ್ನ ಹುಡುಗ-ಕತ್ತೆಗಳೆಲ್ಲ ಸೂರು ನೋಡಿದವು.

“ಒಂಬತ್ತೂ ಮುಕ್ಕಾಲು,” ಹಿಂದಿನಿಂದ ಬಂತು.

“ಹದಿನೇಳು ಮುಕ್ಕಾಲು?”

“ಹನ್ನೆರಡೂ ಮುಕ್ಕಾಲು. ಹುರದದ್ದು ಕೊಡ್ಲೋ, ಹಸೀದೋ?”

ಸಾಹೇಬರು ಹಿಂದೆ ನಡೆದರು. ರುಮಾಲು ಅವಳ ಮೂಗಿನವರೆಗೆ ಜಾರಿತ್ತು.

“ವಯಸ್ಸೆಷ್ಟು?”

“ನಿಮ್ಮವ್ವನ ವಾರಿಗಿ ಇರಬೇಕ್ರಿ.”

ಅವರು ರುಮಾಲು ತೆಗೆದು ನನ್ನ ಕೈಗಿತ್ತರು. “ಒಗದದ್ದು ಬಂತು, ತಗೋರಿ.”

“ಮಗ್ಗಿ ಯಾರು ಕಲಿಸಿದ್ರವ್ವ?”

“ಇವರಽರಿ. ಇವರ ದನಿ ಕಿಟಕಿ ದಾಟತೈತಿ. ಈ ಹುಡುಗರ ಕಿವಿಗಷ್ಟ ಹೋಗಂಗಿಲ್ಲ.”

ಸಾಹೇಬರು ಕಣ್ಣೀರು ಬರುವಂತೆ ನಕ್ಕರು. ಹಾಜರಿ ಪುಸ್ತಕ ತರಿಸಿ ಇಪ್ಪತ್ತೈದನೆಯ ಹೆಸರನ್ನು ತಾವೇ ಬರೆದರು.

“ತಿಂಗಳಿಗೆ ಅರ್ಧಾಣೆ ಫೀ ಕೊಡಬೇಕವ್ವ.”

“ಹಿಂದಿನ ಹನ್ನೆರಡು ವರ್ಷದ್ದು ಕೇಳಂಗಿಲ್ಲಲ್ರಿ?”

ಚಕ್ಕಡಿ ಹೋಯಿತು. ಶಾಲೆ ಉಳಿಯಿತು. ನಾನು ರುಮಾಲು ಗಾಳಿಗೆ ತೂರಿ ಹುಡುಗರ ಜೊತೆ ಕುಣಿದೆ. ಫಕೀರವ್ವ ಮಾತ್ರ ಪುಸ್ತಕ ಬಿಟ್ಟು ಕದಲಲಿಲ್ಲ.

“ಇದರಾಗ ನನ್ನ ಹೆಸರು ಯಾವದ್ರಿ ಮಾಸ್ತರ?”

ಬೆರಳಿಟ್ಟು ತೋರಿಸಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

“ಇಷ್ಟಽ ಏನು? ಹಂಗಾರ ನಾಳಿಂದ ಇದನ್ನ ಬರಿಯೂದು ಕಲಿಸ್ರಿ. ಅರ್ಧಾಣೆ ಸುಮ್ಮನ ಕೊಡ್ಲೇನು?”