ವೆಲಿಕಾಳ ಮಂಚದ ಪಟ್ಟಿ

ಬಡಗಿ ಮಿಂಕೊ ಒಳಗೆ ಬಂದಾಗ ಮುದುಕಿ ವೆಲಿಕಾ ನೆಲದ ಮೇಲಿನ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೀಚ್ ಎಂಬ ಗಟ್ಟಿ ಮರದ ಹಳೆಯ ಮಂಚ ಪಕ್ಕದಲ್ಲೇ ಒಂದು ಮಗ್ಗುಲಿಗೆ ಕುಸಿದು ಬಿದ್ದಿತ್ತು.

"ನಿನ್ನೆ ಮಧ್ಯಾಹ್ನ ಬಿತ್ತು, ಮಿಂಕಣ್ಣ," ಎಂದಳು ಸೊಸೆ ದೋನ್ಕಾ. "ಅತ್ತೆಗೆ ಏನೂ ಆಗ್ಲಿಲ್ಲ." ಅವಳ ದನಿಯಲ್ಲಿ ಸಮಾಧಾನವೇನೂ ಇರಲಿಲ್ಲ.

ಟ್ರೋಯಾನ್ ಪಟ್ಟಣದ ಆ ಓಣಿಯಲ್ಲಿ ಎಲ್ಲರಿಗೂ ಇವರ ಪಾಡು ಗೊತ್ತು. ಪಾರ್ಶ್ವವಾಯು ಬಡಿದು ವೆಲಿಕಾಳ ಎಡಮೈ ಬಿದ್ದುಹೋಗಿ ಒಂಬತ್ತು ವರ್ಷ. ಎರಡನೆಯ ವರ್ಷವೇ ಮಗ ಮರ ಸಾಗಿಸುವ ಲಾರಿಯಡಿ ಸಿಕ್ಕು ಸತ್ತ. ಅಂದಿನಿಂದ ಒರೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಎಲ್ಲ ದೋನ್ಕಾ ಒಬ್ಬಳದೇ.

ಮಿಂಕೊ ಮಂಚದ ಪಕ್ಕದ ಉದ್ದ ಪಟ್ಟಿಯನ್ನು ಅಂಗಳಕ್ಕೆ ಒಯ್ದು ಬೆಳಕಿಗೆ ಹಿಡಿದ. ತುದಿ ಗೇಣುದ್ದ ಸೀಳಿತ್ತು. ಪಟ್ಟಿಯನ್ನು ಕಾಲಿಗೆ ಸಿಕ್ಕಿಸುವ ಕೊಕ್ಕೆಯ ತಗಡು ಕಳಚಿ ಬಂದಿತ್ತು. ಅದರ ನಾಲ್ಕು ತಿರುಪುಗಳನ್ನು ದೋನ್ಕಾ ಒಂದು ತಟ್ಟೆಯಲ್ಲಿ ತಂದುಕೊಟ್ಟಳು. ಒಂದರ ಎಳೆಯಲ್ಲಿ ಮರದ ನಾರು ಸಿಕ್ಕಿಕೊಂಡಿತ್ತು. ಉಳಿದ ಮೂರು ಸ್ವಚ್ಛವಾಗಿದ್ದವು. ಪಟ್ಟಿಯಲ್ಲಿ ಅವು ಕೂತಿದ್ದ ತೂತುಗಳೂ ಒಂದಿಷ್ಟೂ ಮುಕ್ಕಾಗಿರಲಿಲ್ಲ.

"ಕಿತ್ತು ಬಂದ ತಿರುಪು ಹೀಗಿರಲ್ಲಮ್ಮ," ಎಂದ.

ದೋನ್ಕಾ ಮೆಟ್ಟಿಲ ಮೇಲೆ ಕೂತಳು. "ನಾನೇ ಬಿಚ್ಚಿದೆ."

"ಯಾಕೆ?"

"ಸೊಂಟ ಮುರಿದ್ರೆ ಆಸ್ಪತ್ರೇಲಿ ಇಟ್ಕೋತಾರೆ. ಬರೀ ವಯಸ್ಸಾಗಿದೆ ಅಂದ್ರೆ ಇಟ್ಕೊಳ್ಳಲ್ಲ. ಮೂರು ಸಲ ಹೋಗಿ ಕೇಳಿದೀನಿ. ಒಂದ್ ಹತ್ತು ದಿನ, ಮಿಂಕಣ್ಣ. ಹತ್ತು ದಿನ ನಿದ್ದೆ ಮಾಡ್ಬೇಕಿತ್ತು ನಂಗೆ."

"ಸತ್ತೇ ಹೋಗಿದ್ರೆ?"

"ಅದನ್ನೂ ಯೋಚಿಸಿದ್ದೆ."

ಪಟ್ಟಿಯನ್ನು ಅಲ್ಲೇ ಎಸೆದು ಪೊಲೀಸರ ಬಳಿಗೆ ಹೋಗೋಣ ಎನ್ನಿಸಿತು ಮಿಂಕೊಗೆ. ಆದರೆ ಒಳಗೆ ತಣ್ಣನೆಯ ನೆಲದ ಮೇಲೆ ಮುದುಕಿ ಮಲಗಿದ್ದಳು. ಸೀಳಿಗೆ ಅಂಟು ತುಂಬಿ ಬಿಗಿದು ಕಟ್ಟಿದ. ಹಳೆಯ ತೂತುಗಳಿಗೆ ಗಟ್ಟಿ ಮರದ ಬೆಣೆ ಬಡಿದ. ಮರುದಿನ ಅಂಟು ಒಣಗಿದ ಮೇಲೆ, ತಿರುಪಿನ ಸಹವಾಸವೇ ಬೇಡವೆಂದು, ಮಂಚದ ಕಾಲನ್ನೇ ತೂರಿ ಹೋಗುವ ಉದ್ದನೆಯ ಬೋಲ್ಟು ಹಾಕಿದ. ಪಟ್ಟಿಯೊಳಗೆ ಅಡ್ಡಲಾಗಿ ಕೂರಿಸಿದ್ದ ನಟ್ಟನ್ನು ಅದು ಕಚ್ಚಿಕೊಂಡಿತು. ಇಬ್ಬರೂ ಸೇರಿ ಮುದುಕಿಯನ್ನು ಎತ್ತಿ ಮಲಗಿಸಿದರು. ದೋನ್ಕಾ ಬ್ರೆಡ್ ತರಲು ಹೋದಳು.

"ಗಟ್ಟಿಯಾಗಿದೆಯೇನೋ?" ಎಂದಳು ವೆಲಿಕಾ, ಸೊಟ್ಟ ಬಾಯಲ್ಲಿ.

"ಕರಡಿ ಬಂದು ಮಲಗಿದ್ರೂ ಅಲ್ಲಾಡಲ್ಲ, ದೊಡ್ಡಮ್ಮ."

"ಅವಳು ಬಿಚ್ಚುವಾಗ ನಂಗೆ ಎಚ್ಚರ ಇತ್ತು."

ಮಿಂಕೊನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು.

"ಮೂರು ಬಿಚ್ಚಿದ್ಲು. ಆಮೇಲೆ ನೆಲದ ಮೇಲೆ ಕೂತು ಅತ್ಲು. ನಾಲ್ಕನೇದಕ್ಕೆ ಕೈ ಹಾಕ್ಲಿಲ್ಲ, ಎದ್ದು ಹೋದ್ಲು. ನಾನೇ ಬಲಗೈಲಿ ಮೈ ಎಳ್ಕೊಂಡು ಆ ಅಂಚಿಗೆ ಹೊರಳಿದೆ."

"ಯಾಕೆ ಹಾಗ್ಮಾಡಿದ್ರಿ?"

"ನಂಗೂ ಸಾಕಾಗಿತ್ತು, ಮಗಾ. ನಾನು ನೋಡ್ದೆ ಅಂತ ಅವಳಿಗೆ ಹೇಳ್ಬೇಡ. ಇರೋದು ನಾವಿಬ್ರೇ."

ಮಿಂಕೊ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಆದರೆ ಆ ಭಾನುವಾರ ಊಟವಾದ ಮೇಲೆ, ನಟ್ಟು ಸಡಿಲವಾಗಿದೆಯೇನೋ ನೋಡಬೇಕು ಎಂದು ನೆಪ ಹೇಳಿಕೊಂಡು ಬಂದ. ಮುಂದಿನ ಭಾನುವಾರವೂ ಬಂದ. ಅವನು ಮಂಚದ ಪಕ್ಕ ಕೂತು ಮುದುಕಿಗೆ ಮೊಸರು ತಿನ್ನಿಸುತ್ತಿದ್ದರೆ ಅಡುಗೆಮನೆಯಲ್ಲಿ ದೋನ್ಕಾ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ವಾರಕ್ಕೆ ಎರಡು ಗಂಟೆ. ಅದು ಯಾವ ಮೂಲೆಗೂ ಸಾಲದೆಂದು ಅವನಿಗೂ ಗೊತ್ತಿತ್ತು. ಮನೆಗೆ ಹೋಗುವಾಗ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ವೆಲಿಕಾ ಸತ್ತದ್ದು ಮಾರ್ಚಿನಲ್ಲಿ, ಅಂಥದ್ದೇ ಒಂದು ಭಾನುವಾರ, ಮೂರು ಗಂಟೆಯ ಹೊತ್ತಿಗೆ. ಮಿಂಕೊ ಅವಳ ಕಣ್ಣು ಮುಚ್ಚಿ, ಹೊದಿಕೆ ಸರಿಮಾಡಿ, ಅಡುಗೆಮನೆಗೆ ಹೋದ. ದೋನ್ಕಾಳನ್ನು ಎಬ್ಬಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಎದುರಿನ ಕುರ್ಚಿಯಲ್ಲಿ ಕೂತು ಕಾದ.

ಕತ್ತಲಾಗುವಾಗ ಅವಳು ಬೆಚ್ಚಿ ಎದ್ದಳು. "ಅಯ್ಯೋ, ಇಷ್ಟು ಹೊತ್ತಾಯ್ತಾ! ಅತ್ತೆ ಮಗ್ಗುಲು ಬದಲಿಸ್ಬೇಕು."

"ಬೇಡ," ಎಂದ ಮಿಂಕೊ. "ಕೂತ್ಕೋ."