ಲಾಡು ಕಟ್ಟಿದ ಚೀಲಗಳು

ಎಪ್ಪತ್ತೆಂಟರ ಬೇಸಿಗೆಯಲ್ಲಿ ಭರಮಸಾಗರದ ಸಾಹುಕಾರ ಮುರುಗೇಶಪ್ಪ ಮಗನ ಮದುವೆ ಮಾಡಿದ. ಊಟ ಮಾಡಿ ಹೊರಟವರಿಗೆಲ್ಲ ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಲಾಡು ಕಟ್ಟಿಸಿ ಕೊಟ್ಟ. ಊರಿನವರು ಅಂಥ ಚೀಲ ಕಂಡದ್ದು ಅದೇ ಮೊದಲು. ಲಾಡು ತಿಂದು ಚೀಲವನ್ನು ದಾರಿಯಲ್ಲೇ ಬಿಸಾಕಿದರು. ಗಾಳಿ ಅವನ್ನೆಲ್ಲ ಕೆರೆಯಂಗಳಕ್ಕೆ ಹೊತ್ತುಕೊಂಡು ಹೋಯಿತು.

ಆ ಕೆರೆಯಂಗಳದಲ್ಲಿ ಹುಚ್ಚಕ್ಕನ ಕುರಿಗಳು ಮೇಯುತ್ತಿದ್ದವು. ತುಪ್ಪದ ವಾಸನೆಗೆ ಅವು ಬಾಯಿ ಹಾಕದೆ ಇರುತ್ತವೆಯೇ? ಮುಂಗಾರು ಶುರುವಾಗುವ ಹೊತ್ತಿಗೆ ಅವಳ ಗಬ್ಬದ ಕುರಿ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿಸಿಕೊಂಡು ನರಳಿತು. ಹುಚ್ಚಕ್ಕ ಅಜವಾನದ ಕಷಾಯ ಕುಡಿಸಿದಳು, ಹೊಟ್ಟೆ ನೀವಿದಳು. ಬೆಳಗಾಗುವುದರೊಳಗೆ ಅದು ಕಾಲು ಸೆಟೆದು ಬಿದ್ದಿತ್ತು.

ಗಂಡ ಮುದ್ದಪ್ಪ ಹೊಟ್ಟೆ ಸೀಳಿ ನೋಡಿದ. ಒಳಗೆ ಮೇವು ಸೇರುವ ಚೀಲದಲ್ಲಿ ರಾಗಿಮುದ್ದೆಯಷ್ಟು ದಪ್ಪನೆಯ ಗಂಟು. ಬಿಡಿಸಿದರೆ ಬರೀ ಪ್ಲಾಸ್ಟಿಕ್. ಅದರ ಪಕ್ಕದಲ್ಲೇ ಗರ್ಭದೊಳಗೆ ಮೈಕೂದಲು ಮೂಡಿದ್ದ ಮರಿ ಸತ್ತು ಮಲಗಿತ್ತು. ಹುಚ್ಚಕ್ಕ ಅಳಲಿಲ್ಲ. ಗಂಟನ್ನು ಮೊರಕ್ಕೆ ಹಾಕಿಕೊಂಡು ಸಾಹುಕಾರನ ಮನೆಗೆ ನಡೆದಳು. ಅವನ ಹೊಲದಲ್ಲಿ ಕುರಿ ಮೇಯಿಸಬೇಕಲ್ಲ, ಸುಮ್ಮನಿರು ಎಂದು ಮುದ್ದಪ್ಪ ಗೋಗರೆಯುತ್ತ ಹಿಂದೆಯೇ ಬಂದ. ಅವಳಿಗೆ ಅವನ ಮೇಲೂ ಮೈ ಉರಿಯಿತು.

ಮುರುಗೇಶಪ್ಪ ಜಗುಲಿಯ ಮೇಲೆ ಕುಳಿತಿದ್ದ. ಮೊರ ನೋಡಿ ಮೂಗು ಮುಚ್ಚಿಕೊಂಡ.

"ಕುರಿ ಏನು ತಿಂತೈತೆ ಅಂತ ನೋಡಾದು ಕಾಯೋರ ಕೆಲಸ, ಹುಚ್ಚಕ್ಕ. ನಾನು ಜನಕ್ಕೆ ಸಿಹಿ ಕೊಟ್ಟೀನಿ, ವಿಷ ಕೊಟ್ಟಿಲ್ಲ."

ಪಕ್ಕದಲ್ಲಿದ್ದವರು ನಕ್ಕರು. ಮುದ್ದಪ್ಪ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಆ ನಗು ಅವಳ ಎದೆಯಲ್ಲಿ ಕೆಂಡದ ಹಾಗೆ ಕುಳಿತಿತು. ಅಂದಿನಿಂದ ಕುರಿ ಬಿಟ್ಟಲ್ಲೆಲ್ಲ ಅವಳು ಮುಂದೆ ಮುಂದೆ ಹೋಗಿ ಚೀಲ ಆಯುತ್ತಿದ್ದಳು. ಜಾಲಿಯ ಮುಳ್ಳಿಗೆ ಸಿಕ್ಕಿದ್ದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಸಾಹುಕಾರನ ವಂಶವನ್ನೆಲ್ಲ ಬಯ್ಯುತ್ತಿದ್ದಳು.

ಶ್ರಾವಣದಲ್ಲಿ ಮುರುಗೇಶಪ್ಪ ಹೊಸ ಮನೆಯ ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದ. ಹುಚ್ಚಕ್ಕನೂ ಹೋದಳು, ಉಂಡಳು. ಬಾಗಿಲಲ್ಲಿ ಸಾಹುಕಾರ ತಾನೇ ನಿಂತು ಹೆಂಗಸರಿಗೆ ಲಾಡು ಕೊಡುತ್ತಿದ್ದ. ಮತ್ತೆ ಅದೇ ಚೀಲ. ಹುಚ್ಚಕ್ಕ ಕೈಗೆ ಬಂದ ಚೀಲವನ್ನು ಹರಿದು, ಲಾಡುಗಳನ್ನು ಸೆರಗಿಗೆ ಸುರಿದುಕೊಂಡು, ಜಿಡ್ಡು ಮೆತ್ತಿದ ಖಾಲಿ ಚೀಲವನ್ನು ಅವನ ಅಂಗೈಯಲ್ಲಿಟ್ಟಳು.

"ಸಿಹಿ ನಮಗಿರ್ಲಿ ಸಾವ್ಕಾರ್ರೆ. ಇದು ನಿಮ್ದು, ನೀವೇ ಇಟ್ಕಳ್ರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿದ್ದ ರಂಗಕ್ಕ ಕೂಡ ಹಾಗೇ ಮಾಡಿದಳು. ಅವಳ ಮೇಕೆಯೂ ಹುಚ್ಚಕ್ಕನ ಕುರಿಯ ಹಾಗೇ ಚೀಲ ತಿಂದು, ಅದು ಸತ್ತ ತಿಂಗಳಲ್ಲೇ ಸತ್ತಿತ್ತು. ಅವಳ ಹಿಂದಿನವಳು, ಅವಳ ಹಿಂದಿನವಳು. ಕೆಲವರು ಹೆದರಿ ಚೀಲವನ್ನು ಮಡಿಲಿಗಿಟ್ಟುಕೊಂಡು ತಲೆ ತಗ್ಗಿಸಿ ನಡೆದರು. ಆದರೂ ಸಾಹುಕಾರನ ಎರಡೂ ಕೈ ತುಂಬಿದವು. ಎಲ್ಲಿ ಹಾಕುವುದೆಂದು ತಿಳಿಯದೆ, ಬೀಗರ ಎದುರು, ರೇಷ್ಮೆ ಪಂಚೆಗೆ ಜಿಡ್ಡು ಇಳಿಯುತ್ತಿದ್ದರೂ ಅವನು ಹಾಗೇ ನಿಂತಿದ್ದ. ಈ ಸಲ ಯಾರೂ ನಗಲಿಲ್ಲ.

ಮರುದಿನವೇ ಅವನ ಆಳು ಬಂದು, ಇನ್ನು ನಮ್ಮ ಹೊಲಕ್ಕೆ ಕುರಿ ತರಬೇಡಿ ಎಂದು ಹೇಳಿ ಹೋದ. ಮುದ್ದಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ನಿನ್ನ ಸಿಟ್ಟಿನಿಂದ ಏನು ಬಂತು ಎಂದು ಕೇಳಿದ.

ಹುಚ್ಚಕ್ಕ ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಗುಡ್ಡದ ಕಡೆಗೆ ತಿರುಗಿಸಿದಳು.

"ಸತ್ತ ಕುರಿ ಬರಲ್ಲ, ನಂಗೂ ಗೊತ್ತೈತೆ," ಎಂದಳು. "ಆದ್ರೆ ಕುರಿ ನೀನೇ ನೋಡ್ಕಬೇಕಿತ್ತು ಅಂತ ಇನ್ನೊಂದ್ ಸಲ ನನಗೆ ಅನ್ನಾಕೆ ಆ ಸಾವ್ಕಾರಂಗೆ ಬಾಯಿ ಬರಲ್ಲ."

ದಾರಿ ದೂರವಿತ್ತು. ಅವಳು ತಿರುಗಿ ನೋಡದೆ ನಡೆದಳು.