ಗದ್ದಲ ಆಗಿಬರುವುದಿಲ್ಲ

ಸಂಜೆ ನಾಲ್ಕಕ್ಕೆ ಎದುರಿನ ಶಾಲೆ ಬಿಡುತ್ತಿತ್ತು. ಮಕ್ಕಳು ಹೋ ಎಂದು ಹೊರಗೆ ನುಗ್ಗುವ ಹೊತ್ತಿಗೆ ಅವನು ವೀಲ್‌ಚೇರನ್ನು ಕಿಟಕಿಯ ಹತ್ತಿರ ತಳ್ಳಿಕೊಂಡು ಬಂದಿರುತ್ತಿದ್ದ. ಅಷ್ಟರಲ್ಲಿ ಪಾಳಿಯ ಮೇಲಿದ್ದ ಸಹಾಯಕರು ಬಂದು ಕಿಟಕಿ ಮುಚ್ಚುತ್ತಿದ್ದರು. ಅವರದ್ದೂ ತಪ್ಪಿಲ್ಲ. ಅವನ ಆರೈಕೆಯ ಫೈಲಿನ ಮೊದಲ ಸಾಲೇ ಹಾಗಿತ್ತು: ‘ಗದ್ದಲ ಆಗಿಬರುವುದಿಲ್ಲ.’

ಎಲ್ಲರೂ ಪುಟ್ಟ ಎಂದೇ ಕರೆಯುತ್ತಿದ್ದ ಅವನಿಗೆ ನಲವತ್ತೆರಡು ವರ್ಷ. ಒಂದು ಕೋಣೆ, ಒಂದು ಅಡುಗೆಮನೆ. ಒಬ್ಬನೇ ಸ್ವತಂತ್ರವಾಗಿದ್ದಾನೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಬ್ಬನೇ ಎನ್ನುವುದೇನೋ ನಿಜ. ಮಾತು ಹೊರಡಲು ಅವನಿಗೆ ಬಹಳ ಹೊತ್ತು ಬೇಕು. ತುಟಿ ಅಲುಗುವುದರೊಳಗೆ ಎದುರಿದ್ದವರು “ನೀರಾ? ಟೀವಿ ಹಾಕ್ಲಾ?” ಎಂದು ತಾವೇ ಮುಗಿಸಿಬಿಡುತ್ತಿದ್ದರು. ಬರಬರುತ್ತಾ ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ.

ವರ್ಷಕ್ಕೊಮ್ಮೆ ಫೈಲು ತಿದ್ದುವ ದಿನ ಅಕ್ಕ ಬಂದಳು. ಬರುವ ಭಾನುವಾರ ಅವಳ ಮಗಳ ಮದುವೆ. ಚಿಕ್ಕವಳಿದ್ದಾಗ ಆ ಹುಡುಗಿಯನ್ನು ಪುಟ್ಟನೇ ತೊಡೆಯ ಮೇಲೆ ಕೂರಿಸಿಕೊಂಡು ವೀಲ್‌ಚೇರಿನಲ್ಲಿ ಮನೆಯೆಲ್ಲ ಸುತ್ತಿಸಿದ್ದ.

“ಮದ್ವೆಗೆ ಇವ್ನನ್ನ ಕರ್ಕೊಂಡ್ಹೋಗಲ್ಲ,” ಎಂದಳು ಅಕ್ಕ. “ಮುನ್ನೂರು ಜನ, ಗಲಾಟೆ. ಪಾಪ, ತಡ್ಕೊಳಲ್ಲ. ಊಟ ಕಳಿಸ್ತೀನಿ. ಆ ಮೊದಲ್ನೇ ಸಾಲು ಹಾಗೇ ಇರ್ಲಿ.”

ಕೆಲಸಕ್ಕೆ ಸೇರಿ ವಾರವಷ್ಟೇ ಆಗಿದ್ದ ಸಹಾಯಕಿ ಪೆನ್ನು ಕೆಳಗಿಟ್ಟಳು. “ಕಿಟಕಿ ಮುಚ್ಚಿದಾಗೆಲ್ಲ ಇವ್ರ ಮುಖ ಬಾಡುತ್ತೆ, ಅಕ್ಕಾ. ಒಂದ್ಸಲ ಇವ್ರನ್ನೇ ಕೇಳೋಣ್ವಾ?”

“ಅಯ್ಯೋ, ನನ್ನ ತಮ್ಮ ನಂಗೆ ಗೊತ್ತಿಲ್ವಾ? ಏಳು ವರ್ಷದವನಿದ್ದಾಗ ಚಿಕ್ಕಪ್ಪನ ಮದ್ವೇಲಿ ಹಾಡು ಶುರುವಾಗಿದ್ದೇ ತಡ, ಕಿರುಚ್ಕೊಂಡ. ನಾನೇ ಎತ್ಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಅಳು! ಅವತ್ತಿಂದ ಒಂದು ಸಮಾರಂಭಕ್ಕೂ ಕರ್ಕೊಂಡ್ಹೋಗಿ ಹಿಂಸೆ ಕೊಟ್ಟಿಲ್ಲ.” ಮೂವತ್ತೈದು ವರ್ಷ ಜತನದಿಂದ ಕಾಪಾಡಿದ ಹೆಮ್ಮೆ ಅವಳ ದನಿಯಲ್ಲಿತ್ತು.

ಸಹಾಯಕಿ ಪುಟ್ಟನ ಎದುರು ಕುಳಿತಳು. “ನೀವು ಹೇಳಿ ಸರ್. ನಂಗೇನೂ ಅವಸರ ಇಲ್ಲ.”

ಪುಟ್ಟನ ತುಟಿ ಅಲುಗಿತು. “ಅ... ಅವ...”

“ನೀರು ಬೇಕೇನೋ?” ಅಕ್ಕ ಎದ್ದಳು. ಸಹಾಯಕಿ ಕೈ ಹಿಡಿದು ಕೂರಿಸಿದಳು. ಒಂದು ನಿಮಿಷವಾಯಿತು, ಎರಡಾಯಿತು. ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಅವತ್ತು... ಖುಷಿಗೆ... ಕಿರುಚಿದ್ದು. ನೀನು... ಎತ್ಕೊಂಡು... ಬಂದ್ಬಿಟ್ಯಲ್ಲ... ಅದಕ್ಕೆ... ಅತ್ತಿದ್ದು.”

ಅಕ್ಕ ಅವನತ್ತ ಬಗ್ಗಿದಳು. “ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?”

“ನೀನು... ಕಾಯ್ಲಿಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕ ಸಮಾಧಾನ ಹೇಳಿಯಾದರೂ ತಪ್ಪಿಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮಕ್ಕಳ ಕೂಗು ಒಳಗೆ ನುಗ್ಗಿತು. ಅಭ್ಯಾಸಬಲದಿಂದ ಅಕ್ಕ ಕಿಟಕಿ ಮುಚ್ಚಲು ಎದ್ದಳು. ಚಿಲಕದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎರಡೂ ಬಾಗಿಲನ್ನು ಪೂರ್ತಿ ತೆರೆದು, ಕಣ್ಣೊರೆಸಿಕೊಂಡು ಬಂದು ತಮ್ಮನ ಪಕ್ಕ ಕುಳಿತಳು.

“ಭಾನುವಾರ ಮದ್ವೆಗೆ ಬರ್ತೀಯೇನೋ?”

ಉತ್ತರ ಅವನ ಮುಖದ ಮೇಲೆಯೇ ಇತ್ತು. ಆದರೂ ಅಕ್ಕ ಏನೂ ಹೇಳದೆ ಕಾದಳು.